ತೋಳಿನ ಮ್ಯಾಲಿನ ಮೂರು ಅಕ್ಷರ

ಮಗಳ ಮನಿಗೆ ಅಮೇರಿಕಾಕ್ಕ ಹೋದಾಗ ನನ್ನ ಪಾಲಿಗೆ ಬರೋ ಕೆಲಸ ಅಂದ್ರ ಅರಿವಿ ಮಡಚೋದು. ಒಗಿಯೋದು ಮಶೀನು, ಒಣಗಸೋದೂ ಮಶೀನು. ಮಡಚೋ ಮಶೀನು ಇನ್ನೂ ಮನಿಗೆ ಬಂದಿಲ್ಲ, ಹಿಂಗಾಗಿ ಅದೊಂದು ನಂಗ ಉಳದದ. ನಾನೂ ಬ್ಯಾಡ ಅನ್ನಂಗಿಲ್ಲ. ಬಿಸಿ ಬಿಸಿ ಅರಿವಿ ತೊಡಿ ಮ್ಯಾಲ ಹಾಕ್ಕೊಂಡು ಕೂತ್ರ ಅಲ್ಲಿಯ ಥಂಡಿಯೊಳಗ ಒಂಥರಾ ಹಿತ.

ಮೊಮ್ಮಗನ ಕಡುನೀಲಿ ಬಣ್ಣದ ಆಟದಂಗಿ ಒಂದದ. ಶಿಕಾಗೋ ಬೇರ್ಸ್ ಅಂತ ಆ ಊರಿನ ಫುಟ್‌ಬಾಲ್ ತಂಡ, ಅದರ ಅಂಗಿ. ವಾರಕ್ಕೆರಡು ಸಲ ನನ್ನ ಕೈಗೆ ಬರತದ. ಒಂದಿನ ಮಡಚಬೇಕಾದ್ರ ಎಡಗಡೆ ತೋಳಿನ ಮ್ಯಾಲ ಮೂರು ಅಕ್ಷರ ಕಂಡ್ವು: ಜಿ, ಎಸ್, ಎಚ್. ಕಂಪನಿ ಹೆಸರಿರಬೇಕು ಅನಕೊಂಡೆ. ಅಳಿಯನ್ನ ಕೇಳಿದ್ರ ನಕ್ಕರು.

"ಜಾರ್ಜ್ ಸ್ಟ್ಯಾನ್ಲಿ ಹಾಲಸ್, ಅತ್ಯಾ. ಈ ತಂಡ ಬೆಳಸಿದಾವ್ರು. 1983ರಾಗ ತೀರಿಕೊಂಡ್ರು. ಅವ್ರ ನೆನಪಿಗೆ ಅಂತ ಎಲ್ಲಾ ಆಟಗಾರರ ತೋಳಿನ ಮ್ಯಾಲೂ ಇದು ಇರತದ." ಆಮ್ಯಾಲ ಕಿಡಿಕಿ ಕಡೆ ಕೈ ಮಾಡಿ, "ಅವ್ರು ಮೊದಲು ಹೆಸರು ಮಾಡಿದ್ದು ಇಲ್ಲೇ. ನೀವು ರೈಲಿನ್ಯಾಗಿಂದ ನೋಡ್ತೀರಲ್ಲ, ಆ ನೇವಿ ಬೇಸಿನ್ಯಾಗ" ಅಂದ್ರು.

ಮಗಳ ಮನಿ ಇರೋದು ಶಿಕಾಗೋದಿಂದ ಉತ್ತರಕ್ಕ, ವಾಕೀಗನ್ ಅನ್ನೋ ಊರಿನ ಹತ್ರ, ಮಿಶಿಗನ್ ಸರೋವರದ ದಂಡಿಗೆ. ಸರೋವರ ಅಂದ್ರ ನಮ್ಮ ಕೆಲಗೇರಿ ಕೆರಿ ಅಲ್ಲ ಮತ್ತ, ಆ ಕಡೆ ದಂಡಿ ಕಾಣಂಗಿಲ್ಲ, ತೆರಿ ಏಳತಾವು, ಸಮುದ್ರಾನ ಅನ್ನಬೇಕು. ಅಲ್ಲಿಂದ ಶಿಕಾಗೋಕ್ಕ ಹೋಗೋ ರೈಲು 'ಗ್ರೇಟ್ ಲೇಕ್ಸ್' ಅನ್ನೋ ಸಣ್ಣ ಸ್ಟೇಶನ್ನಿನ್ಯಾಗ ನಿಲ್ಲತದ. ಅಲ್ಲಿ ಹತ್ತೋರು ಎಲ್ಲಾ ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗೂರು. ತಲಿಗೂದಲಾ ಬುಡಕ್ಕ ಕತ್ತರಿಸಿರತದ, ಬಿಳೀ ಟೊಪಿಗಿ, ಬೂಟು ಕನ್ನಡಿ ಆಗಿರತಾವು. ಸೀಟಿಗೆ ಬೆನ್ನು ಹಚ್ಚಂಗಿಲ್ಲ. ಅಮೇರಿಕಾದ ನೌಕಾಪಡೆಗೆ ಹೊಸದಾಗಿ ಸೇರಿದವ್ರಿಗೆ ತರಬೇತಿ ಕೊಡೋ ಜಾಗಾ ಈಗ ಇಡೀ ದೇಶಕ್ಕ ಅದೊಂದ ಉಳದದ. ಅವ್ರನ್ನ ನೋಡಿದಾಗೆಲ್ಲಾ ನಂಗ 'ಇವ್ರವ್ವ ಏನ್ ಮಾಡಲಿಕ್ಕೆ ಹತ್ಯಾಳೋ ಈಗ' ಅನಸತದ. ಅದಕ್ಕ ಅಳಿಯ ಹೇಳಿದ ಮಾತು ತಲಿಯೊಳಗ ಕೂತುಬಿಟ್ಟಿತು. ಅಲ್ಲಿ ಊರಿನ ಲೈಬ್ರರಿ ಬಿಟ್ರ ನಂಗ ಹೋಗಲಿಕ್ಕೆ ಬ್ಯಾರೆ ಜಾಗಾ ಇಲ್ಲ, ಕಾರು ನಡಸಲಿಕ್ಕೆ ಬರಂಗಿಲ್ಲ. ಹಿಂಗಾಗಿ ಒಂದು ತಿಂಗಳು ಅಲ್ಲೇ ಕೂತು ಇದನ್ನ ಓದಿದೆ.

ಮೊದಲ ಒಂದು ಮಾತು. ಅವ್ರು ಫುಟ್‌ಬಾಲ್ ಅನ್ನೋದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಸುಲದ ಟೆಂಗಿನಕಾಯಿ ಆಕಾರದ್ದು. ಕಾಲಿಗೆ ಕೆಲಸ ಕಡಿಮಿ, ಎದಿಗವಚಿಕೊಂಡು ಓಡೋದು, ಇಲ್ಲಾ ಮುಂದಿನಾಂವಗ ಒಗಿಯೋದು. ಎದುರಿನವ್ರು ಬಂದು ಕೆಡವತಾರ. ನಾಕು ಸರತಿಯೊಳಗ ಹತ್ತು ಗಜ ಮುಂದ ಹೋಗಬೇಕು, ಇಲ್ಲಾಂದ್ರ ಚೆಂಡು ಅವ್ರಿಗೆ. ಗಡಿ ದಾಟಿಸಿದ್ರ 'ಟಚ್‌ಡೌನ್', ಆರು ಅಂಕ. ಅದಾದ ಮ್ಯಾಲ ಕಂಬದ ನಡುವ ಒದ್ದು ದಾಟಿಸಿದ್ರ ಇನ್ನೊಂದು. ಇಷ್ಟು ತಿಳದ್ರ ಸಾಕು, ನಂಗೂ ಇದಕ್ಕಿಂತ ಹೆಚ್ಚು ತಿಳದಿಲ್ಲ.

ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರ ಶುರುವಾದದ್ದು 1911ರಾಗ. ಸಮುದ್ರದಿಂದ ಸಾವಿರ ಮೈಲಿ ದೂರ ನೌಕಾಪಡೆ ಕೇಂದ್ರ ಯಾಕ ಅಂತ ಕೇಳಬಹುದು ನೀವು. ನಡುನಾಡಿನ ಹೊಲಮನಿ ಹುಡುಗೂರು ಸೈನ್ಯಾ ಸೇರೋದು ಜಾಸ್ತಿ, ಅವ್ರಿಗೆ ಹತ್ರ ಆಗಲಿ ಅಂತ. 1917ರಾಗ ಅಮೇರಿಕಾ ಮೊದಲನೇ ಮಹಾಯುದ್ಧಕ್ಕ ಇಳೀತು. ಅಲ್ಲಿ ತನಕಾ ಸಾವಿರದ ಲೆಕ್ಕದಾಗ ಇದ್ದ ಹುಡುಗೂರು ಲಕ್ಷದ ಲೆಕ್ಕಕ್ಕ ಏರಿದ್ರು. ಕೇಂದ್ರದ ಮುಖ್ಯಸ್ಥರು ಕ್ಯಾಪ್ಟನ್ ವಿಲಿಯಂ ಮಾಫೆಟ್. ಈ ಮನಶ್ಯಾಗ ಎರಡು ಹುಚ್ಚು, ಒಂದು ಬ್ಯಾಂಡು, ಇನ್ನೊಂದು ಆಟ. ಬ್ಯಾಂಡಿಗೆ ದೇಶಕ್ಕೆಲ್ಲಾ ಹೆಸರಾದ ಜಾನ್ ಫಿಲಿಪ್ ಸೂಸಾ ಅವ್ರನ್ನ ಕರಕೊಂಡು ಬಂದ, ಅರವತ್ತು ದಾಟಿದ ಮುದುಕರು, ಯೂನಿಫಾರ್ಮ್ ಹಾಕ್ಕೊಂಡು ಹುಡುಗೂರಿಗೆ ಬ್ಯಾಂಡು ಕಲಸಿದ್ರು. ಆಟಕ್ಕ ಕಾಲೇಜು ಹುಡುಗೂರು ತಾವಾಗೇ ಬಂದು ಬಿದ್ರು. ಯುದ್ಧದಿಂದ ಕಾಲೇಜಿನ ಮೈದಾನ ಖಾಲಿ, ಇಲ್ಲಿ ತುಂಬಿದ್ವು.

1918ರ ತಂಡದಾಗ ಇದ್ದವ್ರೊಳಗ ಮೂರು ಮಂದಿ ಮುಂದ ಆ ಆಟದ ಕೀರ್ತಿಭವನ ಸೇರಿದ್ರು: ಜಾರ್ಜ್ ಹಾಲಸ್, ಪ್ಯಾಡಿ ಡ್ರಿಸ್ಕಲ್, ಜಿಮ್ಮಿ ಕಾನ್ಜೆಲ್ಮನ್. ಹಾಲಸ್ ಶಿಕಾಗೋದಾಂವ, ಬೊಹೀಮಿಯಾದಿಂದ ವಲಸೆ ಬಂದ ಮನಿತನ. 1915ರಾಗ ಈಸ್ಟ್‌ಲ್ಯಾಂಡ್ ಅನ್ನೋ ಹಡಗು ಶಿಕಾಗೋ ನದಿಯೊಳಗ, ದಂಡಿಗೆ ಕಟ್ಟಿದ್ದಲ್ಲೇ ಮಗ್ಗಲಾಗಿ 844 ಮಂದಿ ಸತ್ತರು. ಕಂಪನಿ ಕೆಲಸಗಾರರ ಪಿಕ್‌ನಿಕ್ಕಿಗೆ ಹೊರಟ ಹಡಗು ಅದು. ಬ್ಯಾಸಗಿ ಸೂಟಿಯೊಳಗ ಆ ಕಂಪನಿಯೊಳಗ ದುಡೀತಿದ್ದ ಹಾಲಸ್ ಹೋಗಲಿಕ್ಕೆ ತಡಾ ಮಾಡಿದ, ಅದಕ್ಕ ಉಳಕೊಂಡ ಅಂತ ಹೇಳ್ತಾರ. ಈ ಮಾತು ಮನಸಿನ್ಯಾಗ ಇಟಕೊಳ್ರಿ.

ಆಟದ ಹಂಗಾಮು ಶುರು ಆಗೋದು ಸಪ್ಟೆಂಬರಿನ್ಯಾಗ. ಅದ ತಿಂಗಳು ಆ ಕೇಂದ್ರಕ್ಕ ಫ್ಲೂ ಹೊಕ್ಕಿತು. ನಮ್ಮಜ್ಜಿ ಅದಕ್ಕ 'ಮಾನಮೋಡಿ' ಅಂತಿದ್ಲು, ಅವಳ ಬಾಣಂತಿ ಅಕ್ಕ, ಕೂಸು ಇಬ್ರೂ ಒಂದ ವಾರದಾಗ ಹೋದದ್ದು ಅದರಿಂದನ. ಹಿಂಗ ಸಾಯೋ ಸುದ್ದಿ ನಂಗ ಧಾರವಾಡದ್ದಂತನ ಗೊತ್ತಿತ್ತು, ಜಗತ್ತಿನ ಆ ತುದಿಯೊಳಗೂ ಅದ ಹೊತ್ತಿಗೆ ಅದ ಗತಿ ಆಗಿತ್ತು ಅನ್ನೋದು ಓದಿದಾಗ ಮೈ ಝುಂ ಅಂತು. ಕೆಲವೇ ವಾರದಾಗ ಸಾವಿರಾರು ಹುಡುಗೂರು ಹಾಸಿಗಿ ಹಿಡದ್ರು, ನೂರಾರು ಮಂದಿ ಸತ್ತರು. ಒಂದು ಗುಂಡೂ ನೋಡದ, ಒಂದು ಹಡಗೂ ಹತ್ತದ. ಅದ ಸಪ್ಟೆಂಬರಿನ ಕೊನೀಗೆ ತಂಡ ಅಯೋವಾಕ್ಕ ಹೋಗಿ ಮೊದಲ ಆಟ ಆಡಿ, ಗೆದ್ದು ಬಂತು. ಶವಪೆಟ್ಟಿಗೆ ಒಂದು ಕಡೆಯಿಂದ ಹೊರಗ ಹೋಗ್ತಿದ್ದಾವು, ಆಟಗಾರರು ಇನ್ನೊಂದು ಕಡೆಯಿಂದ. ನಾನಾದ್ರ ಆ ಆಟ ನಿಲ್ಲಸ್ತಿದ್ದೆ. ಆದ್ರ ದಂಡಿನ ಲೆಕ್ಕಾ ಬ್ಯಾರೆ, ಮಂದಿ ಎದಿ ಒಡೀಬಾರದು ಅಂತ ಆಟ ನಡಸ್ತಾರ.

ಆ ವರ್ಷ ಅವ್ರು ಒಂದೂ ಸೋಲಲಿಲ್ಲ. ನಾರ್ತ್‌ವೆಸ್ಟರ್ನ್ ಜೋಡಿ ಸೊನ್ನಿಗೆ ಸೊನ್ನಿ, ನಾಟರ್ ಡೇಮ್ ಜೋಡಿ ಏಳಕ್ಕ ಏಳು, ಉಳದದ್ದೆಲ್ಲಾ ಗೆಲುವು. ರಟ್ಗರ್ಸ್ ಅನ್ನೋ ಕಾಲೇಜನ್ನ 54-14ಕ್ಕ ಮಣ್ಣು ಮುಕ್ಕಿಸಿದ್ರು. ಆ ಸೋತ ತಂಡದಾಗ ಒಬ್ಬ ಕರಿಯ ಹುಡುಗ ಇದ್ದ, ಪಾಲ್ ರಾಬ್ಸನ್. ಹೌದು, ಅವನ, ಮುಂದ ಜಗತ್ತೆಲ್ಲಾ ಕೇಳಿದ ಹಾಡುಗಾರ. ನೌಕಾಪಡೆ ತಂಡದ ಎದುರು ಆಡಲಿಕ್ಕೆ ಅವಂಗ ಅಡ್ಡಿ ಇದ್ದಿದ್ದಿಲ್ಲ, ನೌಕಾಪಡೆ ಒಳಗಿದ್ದ ಅವನ ಬಣ್ಣದವ್ರ ಪಾಲಿಗೆ ಬರ್ತಿದ್ದದ್ದು ಬಹುಮಟ್ಟಿಗೆ ಅಡಿಗಿ, ಬಡಸೋದು, ಇಲ್ಲಾ ಇದ್ದಲಿ ಸುರಿಯೋ ಕೆಲಸ. ಈ ಎಳಿ ಮುಂದ ಮತ್ತ ಬರತದ.

ನವೆಂಬರ್ 23, 1918. ಯುದ್ಧ ನಿಂತು ಹನ್ನೆರಡು ದಿನ ಆಗಿತ್ತು. ಅನಾಪೊಲಿಸ್‌ನ್ಯಾಗ ನೌಕಾ ಅಕಾಡೆಮಿ ಜೋಡಿ ಆಟ. ಅಂದ್ರ ಮುಂದ ಅಧಿಕಾರಿಗಳಾಗೋ ಹುಡುಗೂರು ಆ ಕಡೆ, ಕೈಕೆಳಗಿನವ್ರು ಈ ಕಡೆ. ಒಂದು ಮನಿಯೊಳಗ ಮಾಲಕರ ಮಗ, ಆಳಿನ ಮಗ ಕುಸ್ತಿ ಹಿಡಧಂಗ. ಅಕಾಡೆಮಿ 6-0 ಮುಂದಿತ್ತು, ಮತ್ತ ಇನ್ನೊಂದು ಸಲ ಗಡಿ ಹತ್ರ ಬಂದಿತ್ತು. ಇನ್ನೇನು ದಾಟೇ ಬಿಟ್ರು ಅನ್ನೋವಾಗ ಅವ್ರ ಇಂಗ್ರಾಮ್ ಅನ್ನೋ ಹುಡುಗನ ಕೈಯಿಂದ ಚೆಂಡು ಜಾರಿತು. ಗ್ರೇಟ್ ಲೇಕ್ಸಿನ ಹ್ಯಾರಿ ಐಲ್ಸನ್ ಗಪ್ಪನ ಹಿಡಕೊಂಡು ಓಡಿದ. ಈ ತುದಿಯಿಂದ ಆ ತುದಿ ತನಕ, ಹೆಚ್ಚುಕಡಿಮಿ ಇಡೀ ಮೈದಾನ. ಎದುರಿಗೆ ಒಬ್ಬರೂ ಇಲ್ಲ. ಆವಾಗ ಬಾಜೂಕ ಬೆಂಚಿನ ಮ್ಯಾಲ ಕೂತಿದ್ದ ಅಕಾಡೆಮಿಯ ಒಬ್ಬ ಆಟಗಾರ, ಆಟದೊಳಗ ಇಲ್ಲದಾಂವ, ತಡಕೊಳ್ಳಾರದ ಎದ್ದು ಮೈದಾನಕ್ಕ ಹಾರಿ ಅವನ್ನ ಕೆಡವಿಬಿಟ್ಟ!

ನಮ್ಮೂರ ಗಲ್ಲಿ ಆಟದಾಗೂ ಇಂಥಾದ್ದು ನೋಡಿಲ್ಲ ನಾ. ಮೈದಾನದ ತುಂಬ ಗದ್ದಲ. ಕೆಡವಿದ್ದು ಖರೆ, ಗಡಿ ದಾಟಿಲ್ಲ ಅಂತ ಒಬ್ರು, ಅಂವ ಆಟಗಾರನ ಅಲ್ಲ ಅಂತ ಇನ್ನೊಬ್ರು. ಕಡೀಕ ಅಕಾಡೆಮಿಯ ಮುಖ್ಯಸ್ಥ ಎಬರ್ಲ್ ಅನ್ನೋ ದೊಡ್ಡ ಅಧಿಕಾರಿ, ತಮ್ಮ ಹುಡುಗೂರು ಸೋತ್ರೂ ಚಿಂತಿಲ್ಲ ಅಂತ, ಅದು ಟಚ್‌ಡೌನ್ ಅಂತ ತೀರ್ಪು ಕೊಟ್ಟ. ಮ್ಯಾಲೊಂದು ಒದ್ದು 7-6. ಆ ತೀರ್ಪು ಓದಿದಾಗ ಲೈಬ್ರರಿಯೊಳಗ ಕೂತ ನಾ ಜೋರಾಗಿ 'ಭೇಷ್' ಅಂದೆ, ಬಾಜೂಕಿದ್ದ ಬಾಯಿ ತಿರುಗಿ ನೋಡಿದ್ಲು.

1919ರ ಜನವರಿ ಒಂದನೇ ತಾರೀಖು ಕ್ಯಾಲಿಫೋರ್ನಿಯಾದ ಪಾಸಾಡಿನಾದಾಗ ರೋಸ್ ಬೌಲ್ ಆಟ. ಯುದ್ಧದ ಸಲುವಾಗಿ ಎರಡು ವರ್ಷ ಅಲ್ಲಿ ಕಾಲೇಜುಗಳ ಬದಲಿ ದಂಡಿನ ತಂಡಗಳ ಆಡಿದ್ವು. ಗ್ರೇಟ್ ಲೇಕ್ಸ್ ಎದುರಿಗೆ ಮೇರ್ ಐಲ್ಯಾಂಡಿನ ಮರೀನ್ ಪಡೆಯವ್ರು. 17-0. ಡ್ರಿಸ್ಕಲ್ ಒಗದ ಚೆಂಡು ಹಿಡದು ಹಾಲಸ್ ಒಂದು ಟಚ್‌ಡೌನ್ ಮಾಡಿದ, ಎದುರಿನವ್ರ ಚೆಂಡು ನಡುವ ಕಸಕೊಂಡು 77 ಗಜ ಓಡಿದ, ಗಡಿ ಇನ್ನು ಮೂರು ಗಜ ಇದೆ ಅನ್ನೋವಾಗ ಬಿದ್ದ. ಆ ದಿನದ ಶ್ರೇಷ್ಠ ಆಟಗಾರ ಅಂವನ.

ಮುಂದ ಅಂವ 1919ರಾಗ ನ್ಯೂಯಾರ್ಕ್ ಯಾಂಕೀಸ್ ಪರವಾಗಿ ಬೇಸ್‌ಬಾಲ್ ಹನ್ನೆರಡು ಆಟ ಆಡಿದ, ಅದು ಹಗರಣ ಆತು, ಟೊಂಕಾ ನೋಯಿಸಿಕೊಂಡ. 1920ರಾಗ ಓಹಾಯೋದ ಕ್ಯಾಂಟನ್ ಅನ್ನೋ ಊರಾಗ ಒಂದು ಕಾರಿನಂಗಡಿಯೊಳಗ ಕೆಲವು ತಂಡದವ್ರು ಸೇರಿ, ಕುರ್ಚಿ ಸಾಲದ ಕಾರಿನ ಮೆಟ್ಟಿಲ ಮ್ಯಾಲ ಕೂತು, ರೊಕ್ಕಕ್ಕ ಆಡೋ ಫುಟ್‌ಬಾಲಿನ ಸಂಘ ಕಟ್ಟಿದ್ರು. ಅದರೊಳಗ ಗಂಜಿ ಮಾಡೋ ಒಂದು ಕಂಪನಿ ತಂಡದ ಪರವಾಗಿ ಹಾಲಸ್ ಇದ್ದ. ಆ ತಂಡನ ಮುಂದ ಬೇರ್ಸ್ ಆತು, ಆ ಸಂಘನ ಇವತ್ತಿನ ಎನ್ಎಫ್ಎಲ್. ನನ್ನ ಮೊಮ್ಮಗನ ಅಂಗಿ ಅಲ್ಲಿಂದ ಬಂದದ್ದು.

ಆದ್ರ ನಾ ನಿಂತದ್ದು ಬ್ಯಾರೆ ಕಡೆ. ಹಾಲಸ್ ನೌಕಾಪಡೆ ಸೇರಿದಾಂವ, ಯುದ್ಧ ಮುಗಿಯೋ ತನಕಾ ಸಮುದ್ರಕ್ಕ ಇಳೀಲಿಲ್ಲ. ಅವನ ಜೋಡಿ ತರಬೇತಿ ಆದ ಹುಡುಗೂರು ಅಟ್ಲಾಂಟಿಕ್ ದಾಟಿದ್ರು. ಇಂವ ಛಲೋ ಆಡ್ತಾನ ಅಂತ ಇಂವನ್ನ ಇಟಗೊಂಡ್ರು.

ಇಲ್ಲಿ ತನಕಾ ಓದಿದಾಗ ನಂಗ ನಮ್ಮ ಸಣ್ಣ ಕಾಕಾ ನೆನಪಾದ್ರು.

ಕಾಕಾ ಬೆಳಗಾವ್ಯಾಗ ಭರತಿ ಆಗಿ ಪಲ್ಟನ್ ಸೇರಿದ್ದು ಅರವತ್ತರ ದಶಕದಾಗ. ಧಾರವಾಡದ ಮೈದಾನದಾಗ ಬರಿಗಾಲಿಂದ ಚೆಂಡು ಒದ್ದು ಬೆಳದಾವ್ರು (ನಮ್ಮ ಫುಟ್‌ಬಾಲು, ಟೆಂಗಿನಕಾಯಿ ಅಲ್ಲ), ಅಲ್ಲಿ ಅವ್ರಿಗೆ ಬೂಟು ಕೊಟ್ರು, ತಂಡಕ್ಕ ಹಾಕ್ಕೊಂಡ್ರು. 1971ರ ಯುದ್ಧಾ ಬಂದಾಗ ಅವ್ರ ತುಕಡಿ ಗಡಿಗೆ ಹೋತು, ಕಾಕಾ ಡಿಪೋದಾಗ ಉಳದ್ರು. ಮುಂದಿನ ಟೂರ್ನಮೆಂಟಿಗೆ ಬೇಕು ಅಂತ ಇಟಗೊಂಡಿದ್ರಂತ. ಅವ್ರ ಗೆಳ್ಯಾ ಒಬ್ಬ, ಸವದತ್ತಿ ಕಡೆ ಹಳ್ಳ್ಯಾಂವ, ಅವನೂ ಆಡ್ತಿದ್ದ, ಆದ್ರ ಹನ್ನೆರಡನೇದಾಂವ. ಅಂವ ಹೋದ. ತಿರುಗಿ ಬರಲಿಲ್ಲ.

ಇದೆಲ್ಲಾ ನಂಗ ತಿಳದದ್ದು ಭಾಳ ತಡಾ. ಸಣ್ಣಾಕಿದ್ದಾಗ ಗೊತ್ತಿದ್ದದ್ದು ಇಷ್ಟ: ಕಾಕಾ ಪೆನ್ಶನ್ ತಗೊಂಡು ಬಂದು ಸಾಲಿಯೊಳಗ ಪೀಟಿ ಮಾಸ್ತರ್ ಆದ್ರು, ಖೋಖೋ ಕಲಿಸ್ತಿದ್ರು, ಕಬಡ್ಡಿ, ವಾಲಿಬಾಲ್ ಕಲಿಸ್ತಿದ್ರು. ಫುಟ್‌ಬಾಲ್ ಮಾತ್ರ ಕಲಿಸ್ತಿದ್ದಿಲ್ಲ. ಹುಡುಗೂರು ಒದ್ದ ಚೆಂಡು ಉರುಳಿಕೋತ ಕಾಲಿಗೆ ಬಂದ್ರ ಬಗ್ಗಿ ಕೈಲೆ ಎತ್ತಿ ಕೊಡೋರು. ವರ್ಷಾ ದಸರಾ ಮುಂದ ಒಂದು ಚೀಲ ಜ್ವಾಳಾ ಕಟ್ಟಿಸಿಕೊಂಡು ಸವದತ್ತಿ ಬಸ್ ಹತ್ತೋರು. ಅಲ್ಲಿ ಯಾರೋ ಬೀಗರು ಇದ್ದಾರ ಅನಕೊಂಡಿದ್ವಿ ನಾವು.

ಹಾಲಸ್ ಮಾಡಿದ್ದು ಕೇಳ್ರಿ. ಎರಡನೇ ಮಹಾಯುದ್ಧ ಶುರುವಾದಾಗ ಅಂವ ದೊಡ್ಡ ಮನಶ್ಯಾ, ಬೇರ್ಸ್ ತಂಡದ ಮಾಲಕ, ತರಬೇತುದಾರ, ಗೆದ್ದು ಗೆದ್ದು ಇಟ್ಟ ಹೆಸರು. 1942ರಾಗ, 47 ವರ್ಷದಾಂವ, ಆಟದ ಹಂಗಾಮು ನಡೀಲಿಕ್ಕೆ ಹತ್ತಿದಾಗ ನಡುವ ಬಿಟ್ಟು ಮತ್ತ ನೌಕಾಪಡೆಗೆ ಹೋದ. ಈ ಸಲ ಪೆಸಿಫಿಕ್ ಸಾಗರದ ಏಳನೇ ನೌಕಾದಳದ ಜೋಡಿ. ತೋಪು ಹಾರಸೋ ಕೆಲಸ ಅಲ್ಲ ಅವಂದು, ಸಿಪಾಯಿಗೋಳ ವಿರಾಮ, ಮನರಂಜನಿ ನೋಡಿಕೊಳ್ಳೋದು. ಆದ್ರೂ ಹೋದ. ಯಾರೂ ಹೋಗು ಅಂದಿದ್ದಿಲ್ಲ ಆ ವಯಸ್ಸಿನಾಂವಗ. ಇಪ್ಪತ್ತನಾಕು ವರ್ಷದ ಹಿಂದಿನ ಬಾಕಿ ಅದು ಅಂತ ನಂಗ ಅನಸತದ.

ಗ್ರೇಟ್ ಲೇಕ್ಸ್ ಈ ಯುದ್ಧದಾಗ ಹತ್ತು ಪಟ್ಟು ಉಬ್ಬಿತು. ಸುಮಾರು ಹತ್ತು ಲಕ್ಷ ಮಂದಿ ಅಲ್ಲಿ ತಯಾರಾಗಿ ಹೋದ್ರು. ತಂಡಾನೂ ಮತ್ತ ಎದ್ದಿತು. ಎದುರಾಳಿ ದೊಡ್ಡ ದೊಡ್ಡ ಕಾಲೇಜುಗೋಳು. 1942, 43ರಾಗ ಟೋನಿ ಹಿಂಕಲ್ ಅನ್ನೋರು ಕಲಿಸಿದ್ರು. 1943ರ ನವೆಂಬರ್ 27ಕ್ಕ ನಾಟರ್ ಡೇಮ್ ಬಂತು, ಆ ವರ್ಷ ಒಂದೂ ಸೋಲದ, ದೇಶಕ್ಕ ಒಂದನೇ ನಂಬರಿನ ತಂಡ. ಕೇಂದ್ರದ ಒಳಗ ಇರೋ ಮೈದಾನ, ನೋಡಲಿಕ್ಕೆ ಇಪ್ಪತ್ತು ಸಾವಿರದ ಮ್ಯಾಲ ನಾವಿಕರು. ಕೊನೀ ಒಂದು ನಿಮಿಷ ಉಳದಿದ್ದಿಲ್ಲ, ನಾಟರ್ ಡೇಮ್ 14-12 ಮುಂದ. ಆವಾಗ ಸ್ಟೀವ್ ಲ್ಯಾಕ್ ಅನ್ನಾಂವ ಉದ್ದಕ ಒಗದ, ಪಾಲ್ ಆ್ಯಂಡರ್ಸನ್ ಅನ್ನಾಂವ ಹಿಡದು ದಾಟಿದ. 19-14. ಆ ಇಪ್ಪತ್ತು ಸಾವಿರ ಟೊಪಿಗಿ ಮ್ಯಾಲ ಹಾರಿದ್ದನ್ನ ನಾ ಕಣ್ಣು ಮುಚ್ಚಿದ್ರ ಕಾಣತೀನಿ. ಅವರೊಳಗ ಎಷ್ಟೋ ಮಂದಿ ಮುಂದಿನ ಬ್ಯಾಸಗಿಗೆ ನಾರ್ಮಂಡಿ ದಂಡಿಗೆ, ಸೈಪಾನಿಗೆ ಹೋಗೋ ಹಡಗಿನ್ಯಾಗ ಇದ್ದಿರಬೇಕು.

ಮತ್ತೊಂದು. ನಾಟರ್ ಡೇಮಿನ ಮುಖ್ಯ ಆಟಗಾರ ಏಂಜೆಲೋ ಬರ್ಟೆಲಿ ಅವತ್ತು ಆಡಲಿಲ್ಲ. ಆರು ಆಟ ಆಗೋದ್ರಾಗ ಅವಂಗ ಮರೀನ್ ಪಡೆಯಿಂದ ಕರಿ ಬಂದಿತ್ತು. ಅಂವ ಪ್ಯಾರಿಸ್ ಐಲ್ಯಾಂಡಿನ ತರಬೇತಿ ಶಿಬಿರದಾಗ ರೇಡಿಯೋಕ್ಕ ಕಿವಿ ಹಚ್ಚಿ ತನ್ನ ತಂಡ ಸೋತದ್ದು ಕೇಳಿದ. ಆ ವರ್ಷದ ದೇಶದ ಶ್ರೇಷ್ಠ ಕಾಲೇಜು ಆಟಗಾರ ಅಂತ ಪ್ರಶಸ್ತಿ ಅವಂಗ ಬಂತು. ಮುಂದ ಗುವಾಮ್, ಇವೋ ಜೀಮಾ ಎಲ್ಲಾ ನೋಡಿದ, ಪುಣ್ಯಾ, ಜೀವಂತ ಬಂದ. ಅಂದ್ರ ಒಬ್ಬ ಆಟಗಾರನ್ನ ಆಟ ಬಿಡಿಸಿ ಒಯ್ದ್ರು, ಇನ್ನೊಬ್ಬನ್ನ ಆಟಕ್ಕ ಅಂತ ಇಟಗೊಂಡ್ರು. ಎರಡೂ ಒಂದ ದೇಶ, ಒಂದ ಯುದ್ಧ. ಪತ್ರಿಕಿಗಳೊಳಗ, ಸರಕಾರದೊಳಗ ಆವಾಗೂ ಮಂದಿ ಕೇಳ್ಯಾರ, 'ಇಷ್ಟು ಗಟ್ಟಿಮುಟ್ಟಾದವ್ರು ಇಲ್ಲಿ ಯಾಕ ಓಡ್ಯಾಡ್ತಾರ, ನಮ್ಮ ಮಕ್ಕಳು ಅಲ್ಲಿ ಯಾಕ ಇದ್ದಾರ' ಅಂತ. ದಂಡಿನವ್ರು ಹೇಳಿದ್ದು, ಆಟ ನೋಡಿ ಉಳದವ್ರಿಗೆ ಹುರುಪು ಬರತದ ಅಂತ. ಎರಡೂ ಖರೆ ಅನಸ್ತದ ನಂಗ, ಅದ ತ್ರಾಸು.

1944, 45ಕ್ಕ ಪಾಲ್ ಬ್ರೌನ್ ಬಂದ್ರು. ಓಹಾಯೋದ ದೊಡ್ಡ ಕೋಚ್. ಈ ಕತಿಯೊಳಗ ನಂಗ ಎಲ್ಲಾಕಿಂತ ಹಿಡಸಿದ ಹುಡುಗ ಬರೋದು ಅವ್ರ ಕಾಲದಾಗ.

ಅದಕ್ಕಿಂತ ಮೊದಲ ಆ ಕೇಂದ್ರದ ಇನ್ನೊಂದು ಮಗ್ಗಲು ಹೇಳಬೇಕು. 1942ರ ಜೂನ್ ತನಕ ಅಮೇರಿಕಾ ನೌಕಾಪಡೆಗೆ ಸೇರೋ ಕರಿಯ ಹುಡುಗೂರಿಗೆ ಅಧಿಕಾರಿಗಳ ಊಟದ ಮನಿ ಕೆಲಸ ಬಿಟ್ರ ಬ್ಯಾರೆ ದಾರಿ ಇದ್ದಿದ್ದಿಲ್ಲ. ಆಮ್ಯಾಲ ಬಾಗಿಲು ತಗದ್ರು, ಆದ್ರ ಗ್ರೇಟ್ ಲೇಕ್ಸ್ ಒಳಗ ಅವ್ರಿಗೆ ಬ್ಯಾರೇನ ಕ್ಯಾಂಪು, ಕ್ಯಾಂಪ್ ರಾಬರ್ಟ್ ಸ್ಮಾಲ್ಸ್. ಬ್ಯಾರೆ ಪಂಕ್ತಿ, ಬ್ಯಾರೆ ನೀರು ಅನ್ನೋದು ನಮಗೇನು ಹೊಸಾದಲ್ಲ, ನಮ್ಮ ಓಣಿಯೊಳಗ ನಾನ ನೋಡಿದ್ದು. 1944ರ ಆರಂಭದಾಗ ಅಲ್ಲೇ ಹದಿನಾರು ಕರಿಯ ಮಂದಿಗೆ ಅಧಿಕಾರಿ ತರಬೇತಿ ಕೊಟ್ರು, ಎಲ್ಲಾರೂ ಪಾಸಾದ್ರು. ಅಂಕ ಇಷ್ಟು ಹೆಂಗ ಬಂತು ಅಂತ ಸಂಶಯ ಬಂದು ಮತ್ತ ಪರೀಕ್ಷೆ ಕೊಡಿಸಿದ್ರಂತ, ಮತ್ತ ಛಲೋನ ಬಂತು. ಆದ್ರೂ ಅಧಿಕಾರಿ ಪಟ್ಟಾ ಕೊಟ್ಟಿದ್ದು ಹದಿಮೂರು ಮಂದಿಗಷ್ಟ. 'ಗೋಲ್ಡನ್ ಥರ್ಟೀನ್' ಅಂತ ಇವತ್ತು ಹೊಗಳತಾರ, ಕಟ್ಟಡಕ್ಕ ಹೆಸರಿಟ್ಟಾರ. ಉಳದ ಮೂರು ಮಂದಿ ಬಗ್ಗೆ ಯಾರೂ ಕಟ್ಟಡ ಕಟ್ಟಿಲ್ಲ.

ಇಂಥಾ ಜಾಗಾಕ್ಕ 1944ರ ಕ್ರಿಸ್‌ಮಸ್ ಹೊತ್ತಿಗೆ ನೌಕಾಪಡೆ ಸೇರಿ ಬಂದಾಂವ ಮೇರಿಯನ್ ಮೋಟ್ಲಿ. ಕ್ಯಾಂಟನ್ ಊರಾಂವ, ಅದ ಕಾರಿನಂಗಡಿ ಊರು. ಕಾಲೇಜಿನ್ಯಾಗ ಮೊಣಕಾಲು ನೋಯಿಸಿಕೊಂಡು, ಊರಿಗೆ ತಿರುಗಿ ಬಂದು ಉಕ್ಕಿನ ಕಾರಖಾನಿಯೊಳಗ ಕೆಲಸ ಮಾಡ್ತಿದ್ದ. ಹೈಸ್ಕೂಲಿನ್ಯಾಗ ಇದ್ದಾಗ ಇವನ ತಂಡ ಸೋಲ್ತಿದ್ದದ್ದು ಬಾಜೂ ಊರಿನ ಒಂದ ಒಂದು ತಂಡಕ್ಕ. ಆ ತಂಡದ ಕೋಚ್ ಪಾಲ್ ಬ್ರೌನ್. ಅದ ಬ್ರೌನ್ ಈಗ ಗ್ರೇಟ್ ಲೇಕ್ಸ್ ಒಳಗ. ಎದುರಾಳಿಯಾಗಿ ನೋಡಿದ ಹುಡುಗನ್ನ ಮರತಿದ್ದಿಲ್ಲ.

1945ರ ಆಗಸ್ಟಿನ್ಯಾಗ ಯುದ್ಧಾ ಮುಗೀತು. ತಂಡದಾಂವ್ರು ಒಬ್ಬೊಬ್ಬರ ಬಿಡುಗಡೆ ತಗೊಂಡು ಮನಿಗೆ ಹೋಗಲಿಕ್ಕೆ ಹತ್ತಿದ್ರು. ಹಂಗಾಮಿನ ಮೊದಲ ಮೊದಲ ಸೋಲು. ಮಿಶಿಗನ್ ಎದುರು ಹೀನಾಯ ಸೋತ್ರು. ಆಮ್ಯಾಲ ಚೇತರಿಸಿಕೊಂಡ್ರು, ಮೋಟ್ಲಿ ಆಡಿದ, 230 ಪೌಂಡಿನ ಮೈ, ಎದುರಿಗೆ ಬಂದವ್ರು ಗ್ವಾಡಿಗೆ ಬಡದ ಚೆಂಡಿನಂಗ ಹಾರತಿದ್ರಂತ. ಡಿಸೆಂಬರ್ ಒಂದಕ್ಕ ಕಡೀ ಆಟ, ಮತ್ತ ನಾಟರ್ ಡೇಮ್. ಈ ಸಲ 39-7. ಯುದ್ಧಾನ ಮುಗದಿತ್ತು, ಆಟಕ್ಕ ಈಗ ಯಾವ ನೆವಾ ಇದ್ದಿದ್ದಿಲ್ಲ, ಹುರುಪು ತುಂಬೋದೂ ಬೇಕಾಗಿದ್ದಿಲ್ಲ. ಬರೇ ಆಟ ಆಡಿದ್ರು. ಅದಕ್ಕ ಅಷ್ಟು ಛಲೋ ಆಡಿದ್ರೋ ಏನೋ. ದೊಡ್ಡ ಕಾಲೇಜುಗಳ ಜೋಡಿ ಎದಿ ಸೆಟಿಸಿ ನಿಲ್ಲೋ ಕಾಲಾ ಅಲ್ಲಿಗೆ ಮುಗೀತು.

ಬ್ರೌನ್ ನೌಕಾಪಡೆ ಬಿಟ್ಟು ಕ್ಲೀವ್‌ಲ್ಯಾಂಡಿನ್ಯಾಗ ರೊಕ್ಕಕ್ಕ ಆಡೋ ಹೊಸಾ ತಂಡ ಕಟ್ಟಿದ್ರು. 1946ರಾಗ ಬಿಲ್ ವಿಲಿಸ್ ಅನ್ನಾಂವನ್ನ, ಮೋಟ್ಲಿನ್ನ ಕರಕೊಂಡ್ರು. 1934ರಿಂದ ಹನ್ನೆರಡು ವರ್ಷ ಆ ದೊಡ್ಡ ಆಟದಾಗ ಒಬ್ಬ ಕರಿಯ ಆಟಗಾರಾನೂ ಇದ್ದಿದ್ದಿಲ್ಲ, ಬರದ ಕಾಯ್ದೆ ಇಲ್ಲ, ಬಾಯಿ ಮಾತಿನ ಕಾಯ್ದೆ. ಅದನ್ನ ಮುರದ ನಾಕು ಮಂದಿಯೊಳಗ ಇಬ್ರು ಇವ್ರು. (ಹಾಲಸ್‌ನ ಬೇರ್ಸ್ ತಂಡಕ್ಕ ಕರಿಯ ಆಟಗಾರ ಬಂದದ್ದು 1952ರಾಗ. ತೋಳಿನ ಮ್ಯಾಲಿನ ಅಕ್ಷರ ಮಡಚಬೇಕಾದ್ರ ಇದೂ ನೆನಪಾಗತದ ನಂಗ ಈಗ.) ಆ ವರ್ಷಾನ ಮಯಾಮಿಯೊಳಗ ಆಟ ಇತ್ತು. ಅಲ್ಲಿ ಕರಿಯರು ಬಿಳಿಯರು ಕೂಡಿ ಆಡಂಗಿಲ್ಲ ಅಂತ ಬೆದರಿಕಿ ಬಂತು. ತಂಡ ಇಬ್ರನ್ನೂ ಮನಿಯೊಳಗ ಬಿಟ್ಟು ಹೋತು.

ಒಬ್ಬನ್ನ ಆಟಕ್ಕಂತ ಹಿಂದ ಇಟ್ರು, ಒಬ್ಬನ್ನ ಆಟದಿಂದನ ಹಿಂದ ಇಟ್ರು. ಮೋಟ್ಲಿ 1968ರಾಗ ಕೀರ್ತಿಭವನ ಸೇರಿದ. ಆ ಭವನ ಇರೋದು ಅವನೂರು ಕ್ಯಾಂಟನ್‌ನ್ಯಾಗನ.

ಧಾರವಾಡಕ್ಕ ಬಂದ ಮ್ಯಾಲ ಕಾಕು ಮನಿಗೆ ಹೋದೆ. ಕಾಕಾ ಹೋಗಿ ಆರು ವರ್ಷ ಆತು. ಪಡಸಾಲಿಯೊಳಗ ಅವ್ರ ಪಲ್ಟನ್ ತಂಡದ ಫೋಟೋ ಒಂದದ, ಸಣ್ಣಾಕಿದ್ದಾಗಿಂದ ನೋಡೀನಿ, ಆದ್ರ ಕಾಕಾ ಎಲ್ಲಿದ್ದಾರ ಅಂತಷ್ಟ ಹುಡುಕ್ತಿದ್ದೆ. ಈ ಸಲ ಗ್ವಾಡಿಯಿಂದ ಇಳಿಸಿ ಎಣಿಸಿದೆ. ಹನ್ನೆರಡು ಮಂದಿ.

"ಆ ಸವದತ್ತಿ ಹುಡುಗ ಯಾಂವ ಕಾಕು?" ಅಂದೆ.

ಕಾಕು ಸೆರಗಿಲೆ ಗಾಜು ಒರಸಿ, ಹಿಂದಿನ ಸಾಲಿನ ತುದಿಗೆ ನಿಂತಾವನ್ನ ತೋರಿಸಿದ್ರು. ಸಣ್ಣ ಹುಡುಗ, ಮೀಸಿ ಸೈತ ಸರೀ ಮೂಡಿಲ್ಲ. ಉಳದವ್ರೆಲ್ಲಾ ಪಟ್ಟಾಪಟ್ಟಿ ಅಂಗಿ, ಅವಂದೊಬ್ಬಂದು ಬಿಳೇದು.

"ಇವಂದ್ಯಾಕ ಬ್ಯಾರೆ?"

"ತಂಡಕ್ಕ ಹೊಲಿಸಿದ್ದು ಹನ್ನೊಂದ ಇದ್ವಂತ" ಅಂದ್ರು ಕಾಕು, ಚಾ ಇಡಲಿಕ್ಕೆ ಒಳಗ ಹೋದ್ರು.